ಕೆಂಪು ಬನ್ನಿನ ಗುಟ್ಟು

ಬೇಕರಿಯವರು ಮುಂದಿನ ಕೋಣೆಯ ಬಾಗಿಲನ್ನು ಒಳಗಿನಿಂದ ತಳ್ಳಿ ಇನ್ನೇನು ಚಿಲಕ ಹಾಕಬೇಕು ಅನ್ನುವಷ್ಟರಲ್ಲಿ ಸಂದಿಯಲ್ಲಿ ಒಂದು ಚಪ್ಪಲಿಯ ಮೂತಿ ತೂರಿಕೊಂಡಿತು. ಚಪ್ಪಲಿಯ ಹಿಂದೆ ಎದುರುಮನೆಯಾಕೆ ಇದ್ದರು. ಅವರ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಉದ್ದುದ್ದಕ್ಕೆ ಹೆಚ್ಚಿದ ಕ್ಯಾರೆಟ್ ಇತ್ತು.

"ಅಯ್ಯೋ, ಚಿಲಕ ಯಾಕೆ ಹಾಕ್ತಿದೀರಿ? ಇಂಥ ಹೊತ್ತಲ್ಲಿ ಒಬ್ಬರೇ ಇರಬಾರದು."

"ಎರಡೇ ಎರಡು ನಿಮಿಷ," ಅಂದರು ಬೇಕರಿಯವರು.

"ಎರಡು ನಿಮಿಷದಲ್ಲಿ ಏನು ಬೇಕಾದ್ರೂ ಆಗುತ್ತೆ. ಟೀಚರ್ ಹೋಗಿದ್ದೂ ಎರಡೇ ನಿಮಿಷದಲ್ಲಿ ತಾನೆ? ತಗೊಳ್ಳಿ, ಒಂದು ತುಂಡು ಬಾಯಿಗೆ ಹಾಕ್ಕೊಳ್ಳಿ. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ನಿಮಗೆ."

"ನನಗೆ ಬೇಡ."

"ಮೊದಲು ಒಂದು ತುತ್ತು ತಿನ್ನಬೇಕು, ಇಪ್ಪತ್ತು ಸಲ ಅಗೀಬೇಕು, ಬೇಡ ಅನ್ನೋದು ಆಮೇಲೆ," ಅಂದರು ಎದುರುಮನೆಯಾಕೆ. ಹಾಗೆಂದ ಮೇಲೆ ಅದು ಯಾರ ಮಾತು ಅನ್ನುವುದು ಅವರಿಗೇ ನೆನಪಾಯಿತು. ಕೋಣೆಯ ನಡುವಿನ ಮೇಜಿನ ಕಡೆ ನೋಡಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

ಮೇಜಿನ ಮೇಲೆ ಬಿಳಿ ಹೊದಿಕೆ ಹೊದ್ದು ಮಲಗಿದ್ದ ಟೀಚರ್ ಮೂವತ್ತು ವರ್ಷ ಊರಿನ ದೊಡ್ಡ ಶಾಲೆಯಲ್ಲಿ ಮಕ್ಕಳಿಗೆ ಊಟದ ಪಾಠ ಹೇಳಿದವರು. ಏನು ತಿನ್ನಬೇಕು, ಯಾಕೆ ತಿನ್ನಬೇಕು, ಹೇಗೆ ಅಗಿಯಬೇಕು, ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿರುತ್ತದೆ, ಎಲ್ಲ. ಊರಿಗೆ ಊರೇ ಅವರನ್ನು ಕ್ಯಾರೆಟ್ ಟೀಚರ್ ಅನ್ನುತ್ತಿತ್ತು. ಮೊನ್ನೆ ಸಂಜೆ ಅಂಗಡಿಯ ಸಾಲಿನಲ್ಲಿ ನಿಂತು ಒಂದು ಬಿಸ್ಕತ್ ಪೊಟ್ಟಣದ ಹಿಂಬದಿ ಓದುತ್ತಿದ್ದವರು, "ಇದನ್ನ ಯಾರಾದ್ರೂ ತಿಂತಾರಾ!" ಅಂದು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯವರು ಹೃದಯ ಅಂದರು. ಊರಿನವರು ಬಿಸ್ಕತ್ತು ಅಂದರು.

ದೇಹ ಮನೆಗೆ ಬಂದದ್ದು ಇವತ್ತು ಬೆಳಗ್ಗೆ ಏಳಕ್ಕೆ. ಸ್ಮಶಾನದ ವ್ಯಾನ್ ಬರುವುದು ಹನ್ನೊಂದಕ್ಕೆ. ನಡುವಿನ ಈ ನಾಲ್ಕು ಗಂಟೆಯಲ್ಲಿ ಬೇಕರಿಯವರಿಗೆ ಹೆಂಡತಿಯ ಜೊತೆ ಎರಡು ನಿಮಿಷ ಒಬ್ಬರೇ ಇರಬೇಕಿತ್ತು. ಅಳುವುದಕ್ಕಲ್ಲ. ಅಳು ಎಲ್ಲರ ಮುಂದೆಯೂ ಧಾರಾಳವಾಗಿ ಬರುತ್ತಿತ್ತು, ಅದಕ್ಕೆ ನಾಚಿಕೆಯೇ ಇರಲಿಲ್ಲ. ಅವರಿಗೆ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಮೂವತ್ತೆಂಟು ವರ್ಷ ನಾಲಿಗೆಯ ತುದಿಯವರೆಗೆ ಬಂದು ಬಂದು ವಾಪಸ್ ಹೋದ ಮಾತು ಅದು. ಮಗಳ ಓದು ಮುಗಿಯಲಿ, ಟೀಚರ್ ನಿವೃತ್ತಿಯಾಗಲಿ, ಬೇಕರಿ ಮುಚ್ಚಲಿ, ಆಮೇಲೆ ಹೇಳಿದರಾಯಿತು ಅಂತ ಮುಂದೂಡುತ್ತಾ ಬಂದು, ಈಗ ಕೇಳಬೇಕಾದವರೇ ಹೊರಟು ನಿಂತಿದ್ದರು. ಸತ್ತವರಿಗೆ ಕೇಳಿಸುತ್ತದೆಯೇ ಅನ್ನುವ ಪ್ರಶ್ನೆಯ ಗೋಜಿಗೆ ಬೇಕರಿಯವರು ಹೋಗಲಿಲ್ಲ. ಬದುಕಿದ್ದಾಗಲೂ ಟೀಚರ್ ತಮಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದರು.

"ಒಂದು ಲೋಟ ನೀರು ತಂದುಕೊಡ್ತೀರಾ?" ಅಂದರು ಎದುರುಮನೆಯಾಕೆಗೆ. ಉಪಾಯ ಫಲಿಸಿತು. ಆಕೆ ತಟ್ಟೆ ಇಟ್ಟು ಅಡುಗೆಮನೆಗೆ ಹೋದರು. ಬೇಕರಿಯವರು ಮತ್ತೆ ಬಾಗಿಲಿಗೆ ಕೈಹಾಕಿದರು. ಅದೇ ಹೊತ್ತಿಗೆ ಆಚೆಯಿಂದ ಒಂದು ಊರುಗೋಲು ಬಾಗಿಲನ್ನು ತಳ್ಳಿತು.

ಟೀಚರ ಶಾಲೆಯ ಹಳೆಯ ಹೆಡ್ ಮೇಡಂ ಬಂದಿದ್ದರು. ವಯಸ್ಸು ಎಂಬತ್ತನಾಲ್ಕು, ಕಿವಿ ಪೂರ್ತಿ ಮಂದ, ಅಧಿಕಾರ ಮಾತ್ರ ಒಂದಿಷ್ಟೂ ಮಾಸಿರಲಿಲ್ಲ. ನೇರವಾಗಿ ಬಂದು ಟೀಚರ ತಲೆಯ ಬಳಿ ಇದ್ದ ಕುರ್ಚಿಯಲ್ಲಿ ಕೂತರು. ಕೂತ ರೀತಿ ನೋಡಿದರೆ ವ್ಯಾನ್ ಬಂದರೂ ಕುರ್ಚಿ ಸಮೇತ ಎತ್ತಬೇಕಾಗುತ್ತದೆ ಅನಿಸುತ್ತಿತ್ತು.

"ಏನಾದ್ರೂ ತಿಂದ್ರಾ?" ಅಂತ ಕೇಳಿದರು.

"ತಿಂದೆ ಮೇಡಂ."

"ಸುಳ್ಳು. ತುಟಿ ಒಣಗಿದೆ."

ಸ್ವಲ್ಪ ಹೊತ್ತಿಗೆ ಹೆಡ್ ಮೇಡಂ ಕಣ್ಣು ಮುಚ್ಚಿದರು. ಹೇಗೂ ಕಿವಿ ಕೇಳುವುದಿಲ್ಲ, ಇದೇ ಸಮಯ ಅಂದುಕೊಂಡು ಬೇಕರಿಯವರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. "ಟೀಚರೇ," ಅಂತ ಪಿಸುಗುಟ್ಟಿದರು, "ನಿಮಗೊಂದು ವಿಷಯ ಹೇಳಬೇಕಿತ್ತು. ಆ ಎರಡನೇ ವರ್ಷ ಇತ್ತಲ್ಲ..."

"ಜೋರಾಗಿ ಹೇಳಿ, ಕೇಳಿಸ್ತಿಲ್ಲ!" ಅಂದರು ಹೆಡ್ ಮೇಡಂ, ಕಣ್ಣು ಬಿಡದೆಯೇ.

* * *

ಬೇಕರಿ ಶಾಲೆಯ ಗೇಟಿನ ಎದುರಿಗೇ ಇತ್ತು. ನಡುವೆ ಒಂದು ರಸ್ತೆ, ದೊಡ್ಡವರಿಗೆ ಹನ್ನೆರಡು ಹೆಜ್ಜೆ, ಬೆಲ್ ಹೊಡೆದಾಗ ಮಕ್ಕಳಿಗೆ ಐದು. ಬೇಕರಿಯವರಿಗೆ ಆಗ ಮೂವತ್ತು ವರ್ಷ. ಒಂಟಿ ಜೀವ, ಮೊಣಕೈವರೆಗೆ ಹಿಟ್ಟು. ಮಕ್ಕಳ ಪಾಲಿಗೆ ಅವರು ಬನ್ ಅಂಕಲ್.

ಒಂದು ಸೋಮವಾರ ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಹೆಗಲ ಚೀಲದಿಂದ ರಬ್ಬರಿನ ಹೂಕೋಸೊಂದು ಇಣುಕುತ್ತಿತ್ತು. ಗಾಜಿನ ಕಪಾಟಿನೊಳಗಿನ ಬನ್ನುಗಳನ್ನು ಪೊಲೀಸರು ಕಳ್ಳರನ್ನು ನೋಡುವಂತೆ ನೋಡಿದರು.

"ಇದರಲ್ಲಿ ಏನೇನಿದೆ?"

"ಬನ್ನಲ್ಲಾ? ಮೈದಾ, ಬೆಣ್ಣೆ, ಸಕ್ಕರೆ."

"ಮತ್ತೆ?"

ಬೇಕರಿಯವರು ಪ್ರಾಮಾಣಿಕವಾಗಿ ಯೋಚಿಸಿದರು. "ಮೇಲೆ ಸ್ವಲ್ಪ ಸಕ್ಕರೆ."

"ನಾನು ಎದುರುಗಡೆ ಶಾಲೆಗೆ ಹೊಸದಾಗಿ ಬಂದಿರೋ ಊಟದ ಪಾಠದ ಟೀಚರ್. ನಾನು ಒಳಗೆ ನಲವತ್ತು ನಿಮಿಷ ಗಂಟಲು ಹರ್ಕೊಂಡು ಕಟ್ಟಿದ್ದನ್ನ ನೀವು ಇಲ್ಲಿ ನಾಲ್ಕು ನಿಮಿಷದಲ್ಲಿ ಕೆಡವ್ತೀರಿ. ಇದು ನಿಮಗೆ ಗೊತ್ತಿರಲಿ ಅಂತ ಬಂದೆ."

ಹಾಗೆ ಹೇಳಿ ಹೋದರು. ಬೇಕರಿಯವರಿಗೆ ಬೈಗುಳ ತಿಂದ ಹಾಗೂ ಆಯಿತು, ಇನ್ನೊಂದಿಷ್ಟು ಬೈಯಬಾರದಿತ್ತೇ ಅಂತಲೂ ಅನಿಸಿತು.

ಟೀಚರ ತರಗತಿಯ ಕಿಟಕಿ ಬೇಕರಿಯ ಕಡೆಗೇ ತೆರೆದುಕೊಳ್ಳುತ್ತಿತ್ತು. ಅವರ ದನಿಗೆ ರಸ್ತೆ ದಾಟುವುದು ಯಾವ ಲೆಕ್ಕ. ಹಿಟ್ಟು ನಾದುತ್ತಾ ಬೇಕರಿಯವರು ವರ್ಷವಿಡೀ ಪಾಠ ಕೇಳಿದರು. ರಕ್ತಕ್ಕೆ ಏನು ಬೇಕು, ಮೂಳೆಗೆ ಏನು ಬೇಕು, ಸೊಪ್ಪು ಯಾಕೆ, ಬೇಳೆ ಯಾಕೆ. ಒಂದು ದಿನವೂ ಗೈರುಹಾಜರಾಗಲಿಲ್ಲ.

ಮಕ್ಕಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಟೀಚರದ್ದೊಂದು ನಿಯಮವಿತ್ತು. ಯಾವುದನ್ನೂ ನೋಡಿದ ತಕ್ಷಣ ಬೇಡ ಅನ್ನುವಂತಿಲ್ಲ, ಒಂದು ತುತ್ತು ತಿಂದು ಇಪ್ಪತ್ತು ಸಲ ಅಗಿದ ಮೇಲೆ ಬೇಡ ಅನ್ನಬಹುದು. ಮಕ್ಕಳು ಹತ್ತೊಂಬತ್ತರವರೆಗೆ ಅಗಿದು ಕರವಸ್ತ್ರದಲ್ಲಿ ಉಗಿಯುತ್ತಿದ್ದರು. ಹಸಿ ಕ್ಯಾರೆಟ್ಟನ್ನು ಕಾರಿಡಾರಿನ ಹೂಕುಂಡಗಳಲ್ಲಿ ಹುಗಿಯುತ್ತಿದ್ದರು. ಮೂರನೇ ತಿಂಗಳಿಗೆ ಕುಂಡಗಳಲ್ಲಿ ಕ್ಯಾರೆಟ್ ಸೊಪ್ಪು ಸೊಂಪಾಗಿ ಎದ್ದು ನಿಂತಾಗ ಹೆಡ್ ಮೇಡಂ ಅದನ್ನು ಹೊಸ ಜಾತಿಯ ಅಲಂಕಾರದ ಗಿಡ ಅಂದುಕೊಂಡು ಮಾಲಿಯನ್ನು ಹೊಗಳಿದರು. ನಾಲ್ಕನೇ ತರಗತಿಯ ಒಬ್ಬ ಹುಡುಗನಂತೂ ಎಲ್ಲದಕ್ಕೂ ಬೇಡ ಅಂದು ಅಂದು ಬೇಡಪ್ಪ ಅನ್ನುವ ಹೆಸರನ್ನೇ ಸಂಪಾದಿಸಿದ್ದ.

ವರ್ಷದ ಕೊನೆಗೆ ಶಾಲೆಯ ಡಾಕ್ಟರು ಬಂದು ಪ್ರತಿ ಮಗುವಿನ ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿದರು. ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ. ಹೆಡ್ ಮೇಡಂ ಟೀಚರನ್ನು ಕರೆದು, "ಇನ್ನೊಂದು ವರ್ಷ ನೋಡೋಣ. ಆಗಲೂ ಹೀಗೇ ಇದ್ರೆ ಈ ಪೀರಿಯಡ್ಡನ್ನ ಡ್ರಿಲ್ ಮೇಷ್ಟ್ರಿಗೆ ಕೊಟ್ಟುಬಿಡ್ತೀನಿ," ಅಂದರು.

ಅವತ್ತು ಸಂಜೆ ಟೀಚರ್ ಬೇಕರಿಯ ಮೂಲೆಯ ಬೆಂಚಿನಲ್ಲಿ ಕೂತು ಅತ್ತರು. ಏನು ಹೇಳಬೇಕೆಂದು ತಿಳಿಯದೆ ಬೇಕರಿಯವರು ಒಂದು ಬನ್ ತಂದು ಮುಂದಿಟ್ಟರು. ಟೀಚರ್ ಅದನ್ನು ನೋಡಿ, "ಮೈದಾ, ಬೆಣ್ಣೆ, ಸಕ್ಕರೆ," ಅಂದು ಇನ್ನೂ ಜೋರಾಗಿ ಅತ್ತರು.

* * *

ಒಂಬತ್ತೂವರೆಯಾಯಿತು. ಮಗಳು ಒಳಕ್ಕೂ ಹೊರಕ್ಕೂ ಓಡಾಡುತ್ತಿದ್ದಳು. ಅಮ್ಮನ ಪಾಠ, ಅಪ್ಪನ ವ್ಯಾಪಾರ ಎರಡನ್ನೂ ಒಂದೇ ಮನೆಯಲ್ಲಿ ನೋಡಿ ಬೆಳೆದವಳು ಹಲ್ಲಿನ ಡಾಕ್ಟರಾಗದೆ ಇನ್ನೇನಾದಾಳು. ಅವಳು ಅಪ್ಪನನ್ನು ಬಾಗಿಲ ಬಳಿ ಹಿಡಿದಳು.

"ಅಪ್ಪ, ಏನು ಹಾಗೆ ಬಾಗಿಲ ಹತ್ರಾನೇ ಸುಳಿದಾಡ್ತಿದೀಯ?"

"ಎಲ್ಲರನ್ನೂ ಎರಡು ನಿಮಿಷ ಆಚೆ ಕಳಿಸ್ತೀಯಾ? ನಿಮ್ಮಮ್ಮನ ಹತ್ರ ಒಂದು ಮಾತಾಡ್ಬೇಕು."

"ಏನು ಮಾತು?"

"ಅದು ನಮ್ಮಿಬ್ಬರ ಮಾತು."

ಮಗಳ ಕಣ್ಣು ತುಂಬಿತು. "ಆಯ್ತಪ್ಪ, ವ್ಯವಸ್ಥೆ ಮಾಡ್ತೀನಿ," ಅಂದಳು. ಅಂಗಳದಲ್ಲಿ ಚಹಾ ಇಟ್ಟಿದೆ, ಎಲ್ಲರೂ ದಯವಿಟ್ಟು ಬನ್ನಿ ಅಂತ ಕೂಗಿದಳು. ಬಂದವರು ಚಹಾದ ಕಡೆ ಸರಿದರು. ಎದುರುಮನೆಯಾಕೆ ಹೆಡ್ ಮೇಡಂ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಕೋಣೆ ಖಾಲಿಯಾಯಿತು. ಬೇಕರಿಯವರು ಮೇಜಿನ ಬಳಿ ಬಂದು, ಹೊದಿಕೆಯ ಅಂಚನ್ನು ಸರಿಪಡಿಸಿ, ಗಂಟಲು ಸರಿಮಾಡಿಕೊಂಡರು.

ಹಿಂದಿನಿಂದ ಕೆಮ್ಮು ಕೇಳಿಸಿತು. ತಿರುಗಿದರೆ ಬಾಗಿಲಲ್ಲಿ ಒಂದು ಸಾಲು. ಎರಡೆರಡು ಜನ ಅಕ್ಕಪಕ್ಕ, ಕುಳ್ಳಗಿನವರು ಮುಂದೆ, ಎತ್ತರದವರು ಹಿಂದೆ, ಥೇಟ್ ಶಾಲೆಯ ಸಾಲು. ಆದರೆ ಮುಂದಿದ್ದವರಿಗೇ ಬೊಕ್ಕತಲೆ. ಟೀಚರ ಹಳೆಯ ವಿದ್ಯಾರ್ಥಿಗಳು ಒಟ್ಟಿಗೆ ಬಂದಿದ್ದರು, ಎಷ್ಟಿಲ್ಲವೆಂದರೂ ಅರವತ್ತು ಮಂದಿ. ಪ್ರತಿಯೊಬ್ಬರ ಕೈಯಲ್ಲೂ ಹೂವಿನ ಬದಲು ಒಂದೊಂದು ತರಕಾರಿ. ಯಾರೂ ಯಾರಿಗೂ ಹೇಳಿರಲಿಲ್ಲವಂತೆ. ಒಬ್ಬೊಬ್ಬರೂ ತನಗೆ ಮಾತ್ರ ಹೊಳೆದದ್ದು ಅಂದುಕೊಂಡೇ ತರಕಾರಿ ತಂದಿದ್ದರು, ಹೀಗಾಗಿ ನಲವತ್ತೈದು ಕ್ಯಾರೆಟ್ ಕಟ್ಟುಗಳಿದ್ದವು. ಒಬ್ಬ ವಕೀಲರು ಕೋಸುಗಡ್ಡೆಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ನಿಂತಿದ್ದರು.

ಸಾಲು ಮುಂದೆ ಸರಿಯಿತು. ಒಬ್ಬೊಬ್ಬರಾಗಿ ತರಕಾರಿಯನ್ನು ಟೀಚರ ಕಾಲ ಬಳಿ ಇಟ್ಟು, ಬೇಕರಿಯವರ ಕೈ ಹಿಡಿದು, "ಏನಾದ್ರೂ ತಿಂದ್ರಾ ಅಂಕಲ್?" ಅಂತ ಕೇಳಿ ಮುಂದೆ ಹೋದರು. ಅರವತ್ತು ಸಲ "ತಿಂದೆ" ಅಂದು ಬೇಕರಿಯವರಿಗೆ ತೇಗು ಬರುವುದೊಂದು ಬಾಕಿಯಿತ್ತು.

ಸಾಲಿನ ಕೊನೆಯಲ್ಲಿ ಬೇಡಪ್ಪ ಇದ್ದ. ಈಗ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ, ಬಾಗಿಲಿಗೆ ಅಡ್ಡಡ್ಡ ಬರಬೇಕಾದ ದೇಹ. ಮೇಜಿನ ಮೇಲೆ ಒಂದು ಮೂಲಂಗಿ ಇಟ್ಟು ಹೋ ಅಂತ ಅತ್ತುಬಿಟ್ಟ. "ಬದುಕಿರೋವಾಗ ಒಂದು ದಿನಾನೂ ನಾನು ಮೂಲಂಗಿ ತಿನ್ನಲಿಲ್ಲ ಅಂಕಲ್. ಹದಿನೆಂಟಕ್ಕೇ ಉಗೀತಿದ್ದೆ."

ಅವನನ್ನು ಸಮಾಧಾನ ಮಾಡುವ ಕೆಲಸವೂ ಬೇಕರಿಯವರ ಪಾಲಿಗೇ ಬಂತು. ಅವನ ಬೆನ್ನು ಸವರುತ್ತಾ ಗೋಡೆಯ ಗಡಿಯಾರ ನೋಡಿದರು. ಹತ್ತೂಕಾಲು.

* * *

ಟೀಚರ್ ಬೆಂಚಿನ ಮೇಲೆ ಅತ್ತು ಹೋದ ಮರುದಿನ ಬೇಕರಿಯವರು ಬೀಟ್‌ರೂಟ್ ತಂದರು. ಊರಿನ ಮಾರುಕಟ್ಟೆಯಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ, ಹಿಟ್ಟಿನ ಚೀಲದೊಳಗೆ ಅಡಗಿಸಿ ತಂದರು. ಬೇಯಿಸಿ, ಅರೆದು, ಹಿಟ್ಟಿಗೆ ಕಲಸಿದರು. ಒಣಗಿಸಿ ಪುಡಿ ಮಾಡಿದ ಸೊಪ್ಪು, ಹುರಿದ ಬೇಳೆಯ ಹಿಟ್ಟು ಎಲ್ಲ ಸೇರಿತು. ಕಿಟಕಿಯಿಂದ ಕೇಳಿದ್ದ ಪಾಠ ಒಂದಕ್ಷರ ಬಿಡದೆ ನೆನಪಿತ್ತು.

ಮೊದಲ ದಿನದ ಬನ್ ಇಟ್ಟಿಗೆಯ ಬಣ್ಣಕ್ಕೆ, ಇಟ್ಟಿಗೆಯ ಗಟ್ಟಿತನಕ್ಕೆ ಬಂತು. ಬೀದಿನಾಯಿ ಮೂಸಿ ನೋಡಿ ಬೇಜಾರಾಗಿ ಹೋಯಿತು. ಮೂರು ವಾರ ಹೀಗೇ ಕಳೆದ ಮೇಲೆ ಒಂದು ದಿನ ಬನ್ ಮೆತ್ತಗೆ ಉಬ್ಬಿತು, ಸಿಹಿಯೂ ಹದವಾಯಿತು, ಬಣ್ಣ ಮಾತ್ರ ಕಡುಗೆಂಪು.

"ಯಾಕಂಕಲ್ ಕೆಂಪಗಿದೆ?" ಅಂತ ಮಕ್ಕಳು ಕೇಳಿದರು.

"ಗುಲಾಬಿ ಬಣ್ಣ ಹಾಕಿದೀನಿ. ಬೇಕಾದ್ರೆ ತಿನ್ನಿ, ಇಲ್ಲಾಂದ್ರೆ ಬಿಡಿ."

ಬಿಡಿ ಅಂದರೆ ಮಕ್ಕಳು ಬಿಡುತ್ತಾರೆಯೇ. ಕೆಂಪು ಬನ್ನಿಗೆ ನೂಕುನುಗ್ಗಲಾಯಿತು. ಬಿಳಿ ಬನ್ ಮಾಡುವುದನ್ನೇ ಬೇಕರಿಯವರು ನಿಲ್ಲಿಸಿದರು.

ಆ ವರ್ಷದ ಕೊನೆಗೆ ಡಾಕ್ಟರು ಮತ್ತೆ ಬಂದು ಸೂಜಿ ಚುಚ್ಚಿದರು. ನೋಡಿದರು, ನಂಬಿಕೆಯಾಗದೆ ಇನ್ನೊಂದು ಬೆರಳಿಗೂ ಚುಚ್ಚಿದರು. ಇಡೀ ಶಾಲೆಯ ರಕ್ತ ಏರಿತ್ತು. ಬೇಡಪ್ಪನದು ಎಲ್ಲರಿಗಿಂತ ಹೆಚ್ಚು, ಯಾಕೆಂದರೆ ಅವನು ದಿನಕ್ಕೆ ನಾಲ್ಕು ಬನ್ ತಿನ್ನುತ್ತಿದ್ದ.

ಟೀಚರ್ ಎಡಬಲ ನೋಡದೆ ರಸ್ತೆ ದಾಟಿ ಓಡಿಬಂದರು. ಅವರನ್ನು ತಪ್ಪಿಸಲು ಹೋಗಿ ಒಬ್ಬ ಸೈಕಲ್ಲಿನವ ಚರಂಡಿಗೆ ಬಿದ್ದ.

"ಬೇಕರಿಯವರೇ, ನನ್ನ ಪಾಠ ಗೆದ್ದಿತು!"

"ಹೌದಾ," ಅಂದರು ಬೇಕರಿಯವರು. ಎರಡೂ ಕೈ ಹಿಟ್ಟಿನೊಳಗಿದ್ದವು. ಆ ಹಿಟ್ಟು ಕೆಂಪಗಿತ್ತು.

"ಈ ಖುಷೀಲೇ ಕೇಳಿಬಿಡ್ತೀನಿ. ನನ್ನ ಮದುವೆ ಆಗ್ತೀರಾ?"

ಇದನ್ನು ಮುಚ್ಚಿಡಬಾರದು, ಈಗಲೇ ಹೇಳಿಬಿಡಬೇಕು ಅಂತ ಬೇಕರಿಯವರು ಬಾಯಿ ತೆರೆದರು. ಬಾಯಿಂದ ಬಂದದ್ದು "ಆಗ್ತೀನಿ" ಅನ್ನುವ ಮಾತು.

ಮದುವೆಯ ಮರುದಿನದಿಂದಲೇ ಅದೊಂದು ಮುಳ್ಳು ಒಳಗೆ ಕೂತುಬಿಟ್ಟಿತು. ಟೀಚರ್ ಮದುವೆಯಾದದ್ದು ಗೆದ್ದ ಖುಷಿಯಲ್ಲಿ. ಆ ಗೆಲುವೇ ಸುಳ್ಳು. ಗೆಲ್ಲದಿದ್ದರೆ ಈಕೆ ರಸ್ತೆ ದಾಟಿ ಬರುತ್ತಿದ್ದರೇ? ಡ್ರಿಲ್ ಮೇಷ್ಟ್ರಿಗೆ ಪೀರಿಯಡ್ ಬಿಟ್ಟುಕೊಟ್ಟು ಯಾವುದೋ ಊರಿಗೆ ಹೋಗಿ ಇನ್ಯಾರನ್ನೋ ಮದುವೆಯಾಗಿರುತ್ತಿದ್ದರು. ಟೀಚರ್ ನಕ್ಕಾಗಲೆಲ್ಲ ಬೇಕರಿಯವರಿಗೆ ಇದು ಕದ್ದ ನಗು ಅನಿಸುತ್ತಿತ್ತು. ಆದರೂ ಮೂವತ್ತನಾಲ್ಕು ವರ್ಷ, ಬೇಕರಿ ಮುಚ್ಚುವವರೆಗೂ, ದಿನಾ ಬೆಳಗ್ಗೆ ಬೀಟ್‌ರೂಟ್ ಬೇಯಿಸಿದರು.

* * *

ಹತ್ತೂಮುಕ್ಕಾಲಿಗೆ ಡಾಕ್ಟರು ಬಂದರು. ಕೋಣೆಯೊಳಗಿದ್ದ ವಕೀಲರು, ಬ್ಯಾಂಕಿನವರು, ಕ್ರೇನಿನ ಬೇಡಪ್ಪ ಎಲ್ಲರೂ ತಮಗೆ ಗೊತ್ತಿಲ್ಲದೆಯೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಎಪ್ಪತ್ತು ದಾಟಿದ ಡಾಕ್ಟರು ಬರಿಗೈಯಲ್ಲೇ ಬಂದಿದ್ದರೂ ಒಬ್ಬರೂ ನಂಬಲಿಲ್ಲ.

ಡಾಕ್ಟರು ಮೇಜಿನ ಬಳಿ ನಿಂತು ಮಾತಿಗೆ ಶುರುವಿಟ್ಟುಕೊಂಡರು. ಅವರದು ಮಾತು ಬಂದರೆ ನಿಲ್ಲುವ ಜಾಯಮಾನವಲ್ಲ.

"ನಾನು ಎಷ್ಟೋ ಶಾಲೆಗಳಲ್ಲಿ ಸೂಜಿ ಚುಚ್ಚಿದೀನಿ. ಇಂಥ ರಕ್ತ ಎಲ್ಲೂ ನೋಡಲಿಲ್ಲ. ಇದಕ್ಕೆ ಕಾರಣ ಒಂದೇ. ಮಾತ್ರೆ ಅಲ್ಲ, ಟಾನಿಕ್ ಅಲ್ಲ. ಈ ತಾಯಿಯ ಪಾಠ. ಬರೀ ಪಾಠ! ಪ್ರತಿ ವರ್ಷದ ರಿಪೋರ್ಟಿನಲ್ಲೂ ನಾನು ಹೀಗೇ ಬರೆದೆ."

ಬೇಕರಿಯವರಿಗೆ ನಿಂತ ನೆಲ ಬಿಸಿಯಾದಂತಾಯಿತು. ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಡ್ರೈವರ್ ಟೊಪ್ಪಿ ತೆಗೆದು ಬಾಗಿಲಲ್ಲಿ ಇಣುಕಿ, "ಹೊರಡೋಣವಾ? ಹನ್ನೆರಡಕ್ಕೆ ಇನ್ನೊಂದು ಕಡೆ ಹೋಗ್ಬೇಕು," ಅಂದ. ನಾಲ್ವರು ಮುಂದೆ ಬಂದು ಮೇಜಿನ ನಾಲ್ಕು ಮೂಲೆಗೆ ನಿಂತರು. ಬೇಡಪ್ಪ ಅಂಗಿಯ ತೋಳು ಮಡಚಿದ.

"ನಿಲ್ಲಿ," ಅಂದರು ಬೇಕರಿಯವರು.

ಯಾರಿಗೂ ಕೇಳಿಸಲಿಲ್ಲ. ಡಾಕ್ಟರು ಇನ್ನೂ ಬರೀ ಪಾಠ, ಬರೀ ಪಾಠ ಅನ್ನುತ್ತಿದ್ದರು.

"ನಿಲ್ಲೀ ಅಂದೆ!"

ಎಲ್ಲರೂ ತಿರುಗಿದರು. ಬೇಕರಿಯವರು ಅವರ್ಯಾರನ್ನೂ ನೋಡಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಖದ ಮೇಲೆ ಬಗ್ಗಿದರು. ಒಬ್ಬರೇ ಇರುವ ಭಾಗ್ಯ ಇನ್ನು ಸಿಗುವುದಿಲ್ಲ ಅನ್ನುವುದು ಖಾತ್ರಿಯಾಗಿತ್ತು.

"ಟೀಚರೇ, ಬನ್ನಿಗೆ ಬೀಟ್‌ರೂಟ್ ಹಾಕಿದ್ದು ನಾನು. ಸೊಪ್ಪು ಹಾಕಿದ್ದೂ ನಾನೇ. ಗುಲಾಬಿ ಬಣ್ಣ ಅಲ್ಲ ಅದು. ನಿಮ್ಮ ಪಾಠದಿಂದ ರಕ್ತ ಏರಲಿಲ್ಲ, ನನ್ನ ಬನ್ನಿಂದ ಏರ್ತು. ನೀವು ಗೆದ್ದೆ ಅಂದ್ಕೊಂಡು ನನ್ನ ಮದುವೆ ಆದ್ರಿ. ನಾನು ನಿಮಗೆ ಮೋಸ ಮಾಡ್ದೆ. ಬೇಕು ಅಂತ ಮಾಡಲಿಲ್ಲ. ನೀವು ಅಳೋದು ನೋಡೋಕಾಗಲಿಲ್ಲ. ಇದೊಂದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಸಾಲಿನ ನಡುವೆ ಯಾರೋ ಮೂಗಿನಲ್ಲಿ ಸೊರ್ ಅಂದರು. ಅಳು ಅಂದುಕೊಂಡರೆ ಅದು ನಗು. ಅದನ್ನು ತಡೆಯಲು ಹೋಗಿ ಪಕ್ಕದವರಿಗೂ ಬಂತು. ಬ್ಯಾಂಕಿನವರು ಗೋಡೆಯ ಕಡೆ ತಿರುಗಿ ಹೆಗಲು ಕುಲುಕಿಸುತ್ತಿದ್ದರು. ಕೋಸುಗಡ್ಡೆಯ ವಕೀಲರು ನೆಲ ನೋಡುತ್ತಿದ್ದರು. ಬೇಕರಿಯವರು ಇಂಗು ತಿಂದ ಮಂಗನ ಹಾಗೆ ಎಲ್ಲರ ಮುಖವನ್ನೂ ನೋಡಿದರು.

"ಅಂಕಲ್," ಅಂದ ಬೇಡಪ್ಪ, ಮೆಲ್ಲಗೆ. "ಅದು ನಮಗೆಲ್ಲ ಗೊತ್ತು."

"ಏನು ಗೊತ್ತು?"

"ಬೀಟ್‌ರೂಟು."

"ಯಾರು ಹೇಳಿದ್ರು?"

"ಟೀಚರೇ."

ಬೇಕರಿಯವರು ಮೇಜಿನಿಂದ ಕೈ ತೆಗೆದರು.

"ಕೆಂಪು ಬನ್ ಬಂತಲ್ಲ, ಆ ವಾರವೇ," ಅಂದ ಬೇಡಪ್ಪ. "ನಾನು ಮೂತಿಗೆಲ್ಲ ಬಳ್ಕೊಂಡು ಕ್ಲಾಸಿಗೆ ಹೋದೆ. ಟೀಚರ್ ಬನ್ ಕಿತ್ಕೊಂಡು ತಾವೇ ಒಂದು ತುತ್ತು ತಿಂದ್ರು. ಇಪ್ಪತ್ತು ಸಲ ಅಗಿದ್ರು, ನಾವೆಲ್ಲ ಎಣಿಸಿದ್ವಿ. ಆಮೇಲೆ ಕಿಟಕಿ ಹತ್ರ ಹೋಗಿ ನಿಮ್ಮ ಅಂಗಡಿ ನೋಡ್ತಾ ನಿಂತ್ಬಿಟ್ರು. ಬೆಲ್ ಹೊಡೆದ್ರೂ ತಿರುಗಲಿಲ್ಲ. ಆಮೇಲೆ ಕಿಟಕಿ ಮುಚ್ಚಿದ್ರು. ಅದನ್ನ ಅವರು ಯಾವತ್ತೂ ಮುಚ್ಚಿದ್ದಿಲ್ಲ. ಮುಚ್ಚಿ ಹೇಳಿದ್ರು, 'ಮಕ್ಕಳೇ, ಈ ಶಾಲೇಲಿ ನನ್ನ ಪಾಠ ಕಿವಿಗೆ ಹಾಕ್ಕೊಂಡಿರೋರು ಒಬ್ಬರೇ ಒಬ್ಬರು. ಅವರು ರಸ್ತೆ ಆಚೆ ಇದ್ದಾರೆ. ನಮಗೆ ಗೊತ್ತು ಅಂತ ಗೊತ್ತಾದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾರೆ. ಯಾರೂ ಬಾಯಿ ಬಿಡಬಾರದು' ಅಂತ."

"ನಮ್ಮ ಬ್ಯಾಚಿಗೂ ಹೇಳಿದ್ರು," ಅಂದರು ವಕೀಲರು.

"ನಮಗೂ," ಅಂದರು ಬ್ಯಾಂಕಿನವರು. ನಮಗೂ, ನಮಗೂ ಅಂತ ಸಾಲಿನ ಉದ್ದಕ್ಕೂ ಮಾತು ಹರಿಯಿತು.

"ಪ್ರತಿ ವರ್ಷದ ಮೊದಲ ಪಾಠ ಅದೇ," ಅಂದರು ಚಹಾ ಮುಗಿಸಿ ಮತ್ತೆ ಬಂದು ಕೂತಿದ್ದ ಹೆಡ್ ಮೇಡಂ, ಕುರ್ಚಿಯಿಂದ. ಬೇಕಾದ ಮಾತು ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. "ಪಾಠದ ಪಟ್ಟೀಲಿ ಬರೆದಿದ್ಲು. ನಾನೇ ಸಹಿ ಹಾಕಿದೆ."

ಬೇಕರಿಯವರು ಮಗಳ ಕಡೆ ತಿರುಗಿದರು. "ನಿನಗೂ?"

"ನಾನೂ ಅದೇ ಶಾಲೆಗೆ ಹೋಗಿದ್ದಲ್ವಾ ಅಪ್ಪ," ಅಂದಳು ಮಗಳು, ಅಳುತ್ತಾ ನಗುತ್ತಾ.

ಗೊತ್ತಿರದವರು ಇಬ್ಬರೇ, ಬೇಕರಿಯವರು ಮತ್ತು ಡಾಕ್ಟರು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಅಲ್ರೀ, ಮೂವತ್ತು ರಿಪೋರ್ಟು," ಅಂತ ಗೊಣಗಿದರು.

ಬೇಕರಿಯವರು ಬೇಡಪ್ಪನ ಅಂಗಿಯ ತೋಳು ಹಿಡಿದುಕೊಂಡರು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಇದನ್ನ ಅವರು ಹೇಳಿದ್ದು ನಮ್ಮ ಮದುವೆ ಆದ್ಮೇಲಾ, ಮುಂಚೇನಾ?"

"ಮುಂಚೆ ಅಂಕಲ್. ಮದುವೆ ಆಗಿದ್ದು ವರ್ಷದ ಕೊನೇಲಿ. ನಾವೆಲ್ಲ ಬಂದಿದ್ವಲ್ಲ."

"ಡಾಕ್ಟರು ಚುಚ್ಚೋದಕ್ಕಿಂತ ಮುಂಚೆ?"

"ಎಷ್ಟೋ ತಿಂಗಳು ಮುಂಚೆ."

"ಅಂದ್ರೆ ಅವತ್ತು ರಸ್ತೆ ದಾಟಿ ಓಡಿಬಂದಾಗ ಗೊತ್ತಿತ್ತು."

"ಗೊತ್ತಿತ್ತಪ್ಪ," ಅಂದಳು ಮಗಳು. "ಗೊತ್ತಿದ್ದಿದ್ದಕ್ಕೇ ಬಂದಿದ್ದು."

ಬೇಕರಿಯವರ ಮುಖದಲ್ಲಿ ಮೊದಲು ಬೆರಗು ಬಂತು, ಆಮೇಲೆ ಇನ್ನೇನೋ ಬಂತು, ಕೊನೆಗೆ ನಿಂತದ್ದು ಸಿಟ್ಟು. ಮೂವತ್ತನಾಲ್ಕು ವರ್ಷ ಹಿಟ್ಟಿನ ಚೀಲದಲ್ಲಿ ಕಳ್ಳನ ಹಾಗೆ ಬೀಟ್‌ರೂಟ್ ಹೊತ್ತದ್ದು, ಹೆಂಡತಿ ಅಂಗಡಿಗೆ ಬಂದಾಗಲೆಲ್ಲ ಪಾತ್ರೆಯ ಮೇಲೆ ಬಟ್ಟೆ ಮುಚ್ಚಿದ್ದು, ಕೆಂಪಾದ ಉಗುರುಗಳನ್ನು ಊಟದ ಹೊತ್ತಿಗೆ ಮುಷ್ಟಿ ಕಟ್ಟಿ ಬಚ್ಚಿಟ್ಟದ್ದು, ಎಲ್ಲ ಒಟ್ಟಿಗೆ ನೆನಪಾಗಿರಬೇಕು. ಎಂಥ ಮೃದು ಮನುಷ್ಯನಿಗಾದರೂ ಸಿಟ್ಟು ಬರುವ ವಿಷಯವೇ.

"ಎಲ್ಲರೂ ಆಚೆ ನಡೀರಿ," ಅಂದರು.

ಡ್ರೈವರ್ ಬಾಯಿ ತೆರೆದ. ಬೇಡಪ್ಪ ಅವನ ಭುಜದ ಮೇಲೆ ಕೈಯಿಟ್ಟ. ಸಾಲು ಬಂದ ರೀತಿಯಲ್ಲೇ ಹಿಂತಿರುಗಿತು, ಎರಡೆರಡು ಜನ, ಸದ್ದಿಲ್ಲದೆ. ಹೆಡ್ ಮೇಡಂ ಕೂಡ ಯಾರ ಸಹಾಯವೂ ಇಲ್ಲದೆ ಎದ್ದು ಹೋದರು. ಮಗಳು ಕೊನೆಯವಳಾಗಿ ಹೊರಬಂದು ಬಾಗಿಲು ಎಳೆದುಕೊಂಡಳು. ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು.

ಅಂಗಳದ ಬಿಸಿಲಿನಲ್ಲಿ ಎಲ್ಲರೂ ನಿಂತರು. ಬಾಗಿಲ ಹಿಂದಿನಿಂದ ಬೇಕರಿಯವರ ದನಿ ಬಂತು. ಇಷ್ಟು ವರ್ಷದಲ್ಲಿ ಆ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ.

"ಇಡೀ ಊರಿಗೆ ಹೇಳಿದೀಯ, ನನಗೊಬ್ಬನಿಗೆ ಹೇಳೋಕಾಗಲಿಲ್ವಾ ನಿನಗೆ?"

ಜಗಳವಾಡುವಾಗ ಮಾತ್ರ ಅಪ್ಪ ಅಮ್ಮನಿಗೆ ನೀನು ಅನ್ನುವುದು ಮಗಳಿಗೆ ಗೊತ್ತಿತ್ತು. ಅವಳು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಳು.

"ಬಸ್ಸಿನಲ್ಲಿ ಹೋಗಿ ತರ್ತಿದ್ದೆ ಕಣೇ! ಮಳೇಲಿ! ಛತ್ರಿ ಮರೆತು ಯಾಕೆ ಹೋದ್ರಿ ಅಂತ ಬೇರೆ ಕೇಳ್ತಿದ್ದೆ ನೀನು. ಎಲ್ಲಿಗೆ ಹೋಗಿದ್ದೆ ಅಂತ ಗೊತ್ತಿದ್ದೂ ಕೇಳ್ತಿದ್ದೆ!"

ಆಮೇಲೆ ಸ್ವಲ್ಪ ಹೊತ್ತು ಮೌನ. ಡ್ರೈವರ್ ಕೈಗಡಿಯಾರ ನೋಡಿಕೊಂಡು, ಮುಂದೆ ಹೋಗಿ ಬಾಗಿಲು ತಟ್ಟಲು ಬೆರಳು ಮಡಚಿದ. ಡಾಕ್ಟರು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದರು. ಹೆಡ್ ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಅಷ್ಟು ಸಾಕಾಯಿತು, ಅರವತ್ತು ಮಂದಿಯೂ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತರು.

ಒಳಗೆ ಮೌನ ಮುಂದುವರಿದಿತ್ತು, ಒಬ್ಬರು ಉದ್ದಕ್ಕೆ ಏನನ್ನೋ ಹೇಳಿ ಮುಗಿಸುವಷ್ಟು ಹೊತ್ತು. ಆಮೇಲೆ ಬೇಕರಿಯವರ ದನಿ ಮತ್ತೆ ಕೇಳಿಸಿತು, ಈ ಸಲ ಪೂರ್ತಿ ತಗ್ಗಿತ್ತು.

"ಹೂಂ... ಆಮೇಲೆ?"